ಊರುತೂಗಿಗೆ ಒಗ್ಗದ ಕೂಸು

ಒಂದಾನೊಂದು ಕಾಲದಲ್ಲಿ, ದಿನಗಳಿಗೆ ಇನ್ನೂ ವಾರದ ಹೆಸರು ಬಿದ್ದಿರದಿದ್ದಾಗ, ಒಂದು ಊರಿತ್ತಂತೆ. ಆ ಊರಲ್ಲಿ ಒಂದು ಮನೆಯ ತೊಟ್ಟಿಲು ತೂಗಿದರೆ ಎಲ್ಲ ಮನೆಯ ತೊಟ್ಟಿಲೂ ತೂಗುತ್ತಿತ್ತಂತೆ. ಅಜ್ಜಿ ಇಷ್ಟು ಹೇಳಿ ನಿಲ್ಲಿಸುತ್ತಿದ್ದಳು. ನಾನು ಹೂಂ ಅನ್ನಬೇಕಿತ್ತು. ಅನ್ನದಿದ್ದರೆ ಕಥೆ ಮುನಿಸಿಕೊಂಡು ಅಟ್ಟ ಹತ್ತಿಬಿಡುತ್ತದೆ ಎಂದು ಹೆದರಿಸುತ್ತಿದ್ದಳು. ನಾನು ಹೆಜ್ಜೆಯಿಡುವ ಮೊದಲೇ ಅಮ್ಮ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದ್ದು ಅಜ್ಜಿ ಮತ್ತು ಅವಳ ಕಥೆಗಳು. ಹಾರುವ ಮಂಚ, ಮಾತಾಡುವ ಕುಂಬಳಕಾಯಿ, ಎಲ್ಲಕ್ಕೂ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ ನಾನು ಈ ಒಂದು ಕಥೆಗೆ ಮಾತ್ರ ಬೆರಗಾಗುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಅದೇ ಊರು ಕಾಣುತ್ತಿತ್ತು.

ನಮ್ಮೂರಲ್ಲಿ ಅತ್ತಿತ್ತ ಆಡುವುದೆಲ್ಲ ಒಟ್ಟಿಗೇ ಆಡುತ್ತದೆ. ಪಡಸಾಲೆಯ ಉಯ್ಯಾಲೆ, ಬಾವಿಯ ಮೇಲೆ ನೇತುಬಿದ್ದ ಕೊಡ, ಮೊಸರು ಕಡೆಯುವ ಕಡಗೋಲು, ಅವಲಕ್ಕಿ ಕುಟ್ಟುವ ಒನಕೆ, ಜರಡಿ, ಪೊರಕೆ, ಎಮ್ಮೆಯ ಬಾಲ, ಜಗಲಿಯ ಮೇಲೆ ಕೂತ ಗಂಡಸರು ಇಳಿಬಿಟ್ಟ ಕಾಲು. ಶುರುವಾಗುವಾಗ ಒಂದೊಂದೂ ತನ್ನಿಷ್ಟಕ್ಕೇ ಶುರುವಾಗುತ್ತದೆ. ಒಂದು ಎಲೆಯಡಿಕೆ ಮಡಿಸಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಅದು ಪಕ್ಕದ್ದರ ಜೊತೆ, ಪಕ್ಕದ್ದು ಅದರಾಚೆಯದರ ಜೊತೆ, ಹೀಗೆ ಇಡೀ ಊರು ಒಂದೇ ಓಲಾಟಕ್ಕೆ ಬಂದುಬಿಡುತ್ತದೆ. ಇದಕ್ಕೆ ನಾವು ಊರುತೂಗು ಅನ್ನುತ್ತೇವೆ. ಚಾವಡಿ ಪಕ್ಕದ ಹೋಟೆಲಿನಲ್ಲಿ ಕಾಫಿ ಆರಿಸುವವರೆಲ್ಲ ಒಂದೇ ಸಲ ಲೋಟ ಎತ್ತಿ ಒಂದೇ ಸಲ ಬಟ್ಟಲಿಗೆ ಸುರಿಯುತ್ತಾರೆ. ಹೊರಗಿನಿಂದ ಬಂದವರು ಇದೇನು ವ್ರತವೇ ಎಂದು ಕೇಳುತ್ತಾರೆ. ಜಗಳಕ್ಕೆ ಮಾತ್ರ ಇದು ಕೊಂಚ ತೊಡಕು. ಇಬ್ಬರು ಎದುರುಬದುರು ನಿಂತು ಬೆರಳಾಡಿಸಿ ಬೈದುಕೊಳ್ಳುವಾಗ ಎರಡು ಬೆರಳೂ ಕೂಡಿಯೇ ಏಳುತ್ತ ಇಳಿಯುತ್ತ ಇದ್ದರೆ ನೋಡುವವರಿಗೆ ನಗು ತಡೆಯುವುದಿಲ್ಲ. ಹಾಗಾಗಿ ನಮ್ಮೂರಲ್ಲಿ ನಿಜವಾಗಿ ಸಿಟ್ಟು ಬಂದವರು ಕೈಕಟ್ಟಿ ನಿಲ್ಲುತ್ತಾರೆ. ಕೈಕಟ್ಟಿದವರನ್ನು ಕಂಡರೆ ನಾವು ಬೀದಿ ಬದಲಾಯಿಸುತ್ತೇವೆ.

ಊರುತೂಗನ್ನು ನಡೆಸುವವರು ಯಾರೂ ಇಲ್ಲ. ಎಲ್ಲರ ಪಾಲೂ ಅದರಲ್ಲಿ ಚೂರುಚೂರು ಸೇರಿಕೊಂಡಿದೆ. ಅವಸರದ ಸೊಸೆ ಮನೆಗೆ ಬಂದರೆ ಊರು ಒಂದೆಳೆ ಬಿರುಸಾಗುತ್ತದೆ, ಸೋಮಾರಿ ಅಳಿಯ ಬಂದು ಕೂತರೆ ಒಂದೆಳೆ ಸಡಿಲಾಗುತ್ತದೆ. ತಾತ ತೀರಿಕೊಂಡ ಮಾರನೆಯ ಬೆಳಿಗ್ಗೆ ಮೊಸರು ಕಡೆಯುತ್ತಿದ್ದ ಅಜ್ಜಿ ಥಟ್ಟನೆ ಹಗ್ಗ ಹಿಡಿದು ನಿಂತು, “ನೋಡೇ ಅಂಬೂ, ಕೂದಲಷ್ಟು ಅವಸರವಾಯ್ತು ಊರು. ನಿಮ್ಮ ತಾತ ಹಿಡ್ಕೊಂಡಿದ್ದು ಇಷ್ಟು” ಅಂದಳು. ಅವಳು ಅತ್ತಿದ್ದು ಅದಾದ ಮೇಲೆ.

ಇಂಥ ಊರಿಗೆ ನಮ್ಮಣ್ಣ ದೂರದಿಂದ ವಾರಿಜ ಅತ್ತಿಗೆಯನ್ನು ಮದುವೆಯಾಗಿ ಕರೆತಂದ. ಅತ್ತಿಗೆಯ ತವರಲ್ಲಿ ಪ್ರತಿಯೊಂದು ಉಯ್ಯಾಲೆಯೂ ಅದರದರ ಪಾಡಿಗೆ ತೂಗುತ್ತದಂತೆ. ಇದನ್ನು ಕೇಳಿ ನಾನು ಅವರ ಹಿಂದೆ ಹಿಂದೆ ತಿರುಗಿದ್ದೇ ತಿರುಗಿದ್ದು. ಒಂದೇ ಜಗಲಿಯಲ್ಲಿ ಇಬ್ಬರು ಕೂತು ಕಾಲಾಡಿಸಿದರೆ ನಾಲ್ಕು ಕಾಲೂ ಬೇರೆಬೇರೆಯಾ? ತಲೆ ಸುತ್ತಲ್ವಾ? ಅತ್ತಿಗೆ ನಗುತ್ತಿದ್ದರು. ಅವರಿಗೂ ಇಲ್ಲಿ ಹೊಂದಿಕೊಳ್ಳಲು ಸಮಯ ಹಿಡಿಯಿತು. ತಲೆ ಬಾಚಿಕೊಳ್ಳುವಾಗ ಬಾಚಣಿಗೆ ತಾನಾಗಿ ಊರಿನ ಜೊತೆ ಓಡತೊಡಗಿದರೆ ಸಿಡುಕಿ ಅದನ್ನು ಗೂಡಿನಲ್ಲಿಟ್ಟುಬಿಡುತ್ತಿದ್ದರು. ಆಮೇಲಾಮೇಲೆ ಒಗ್ಗಿಹೋಯಿತು. ಬಸುರಿಯಾಗಿ ಹೆರಿಗೆಗೆ ತವರಿಗೆ ಹೋದವರು ಕೂಸಿಗೆ ಕತ್ತು ನಿಲ್ಲುವ ಹೊತ್ತಿಗೆ ವಾಪಸು ಬಂದರು. ಗುಂಡುಗುಂಡನೆಯ ಹೆಣ್ಣು ಕೂಸು. ಬಂದ ಸಂಜೆ ನಮ್ಮ ತೊಟ್ಟಿಲಿಗೆ ಹಾಕಿದೆವು. ಕೂಸು ಒಮ್ಮೆ ಸುತ್ತ ನೋಡಿತು, ತುಟಿ ಡೊಂಕು ಮಾಡಿತು, ಚೀರಿತು. ಆ ಚೀರಾಟ ನಿಲ್ಲಲಿಲ್ಲ.

ತವರಿಂದ ಬಂದ ಕೂಸುಗಳು ಒಂದೆರಡು ದಿನ ಅಳುವುದು ಹೊಸದೇನಲ್ಲ. ಊರುತೂಗು ಮೈಗೆ ಹತ್ತಿದ ಮೇಲೆ ಮಲಗಿಬಿಡುತ್ತವೆ. ಹಾಗೆ ಮಲಗಿದ ದಿನವೇ ಕಿವಿಯಲ್ಲಿ ಹೆಸರು ಹೇಳುವುದು ನಮ್ಮ ರೂಢಿ; ಅಲ್ಲಿಯವರೆಗೆ ಎಲ್ಲ ಕೂಸೂ ಬರೀ ಕೂಸು. ನಮ್ಮನೆಯ ಕೂಸಿಗೆ ಮಾತ್ರ ಹತ್ತಲೇ ಇಲ್ಲ. ಸುಸ್ತಾಗಿ ಚಣ ಹೊತ್ತು ಕಣ್ಣು ಮುಚ್ಚುತ್ತಿತ್ತು, ಬೆಚ್ಚಿ ತೆರೆಯುತ್ತಿತ್ತು. ಎತ್ತಿಕೊಂಡು ಆಡಿಸೋಣವೆಂದರೆ ನಮ್ಮ ತೋಳೂ ಊರುತೂಗಿನದೇ. ಆಡಿಸದೆ ಸುಮ್ಮನೆ ಹಿಡಿದು ಕೂತರೆ ಅದಕ್ಕೂ ಕೋಪ.

ಇನ್ನು ಮುಯ್ಯಿತೂಗಿನ ವಿಷಯ ಹೇಳಬೇಕು. ನಮ್ಮಲ್ಲಿ ಒಂದು ಮನೆಯ ಕೂಸು ಮಲಗದಿದ್ದರೆ ಉಳಿದ ಮನೆಯವರು ತಮ್ಮ ತಮ್ಮ ಕೆಲಸ ಬಿಟ್ಟು ಉಯ್ಯಾಲೆ ಹತ್ತುತ್ತಾರೆ, ಖಾಲಿ ತೊಟ್ಟಿಲು ಇಳಿಸಿ ತೂಗುತ್ತಾರೆ. ಊರುತೂಗಿಗೆ ಬಲ ಬಂದರೆ ಕೂಸು ಬೇಗ ಒಳಗೆ ಸೇರುತ್ತದೆಂದು ನಂಬಿಕೆ. ಇವತ್ತು ನಿಮ್ಮನೆಗೆ ನಾವು ತೂಗಿದರೆ ನಾಳೆ ನಮ್ಮನೆಗೆ ನೀವು ತೂಗಬೇಕು, ಅದೇ ಮುಯ್ಯಿ. ಇದರ ಯಜಮಾನಿಕೆಯೆಲ್ಲ ಎದುರುಮನೆಯ ಸಾತಮ್ಮತ್ತೆಯದು. ಬೀದಿಯಲ್ಲಿ ಒಂದು ಕೂಸು ಕುಂಯ್ ಅಂದರೆ ಸಾಕು, ಒಲೆಯ ಮೇಲಿನ ಸಾರನ್ನು ಇಳಿಸಿಯೋ ಇಳಿಸದೆಯೋ ಓಡಿಬಂದು, ಬಾಗಿಲಲ್ಲಿ ನಿಂತು, “ಏಯ್, ಮೂಲೆಮನೆಯವ್ರೇ, ಉಂಡಿದ್ದು ಕರಗಲಿ, ಹತ್ರಿ ಉಯ್ಯಾಲೆ!” ಎಂದು ಕೂಗುತ್ತಿದ್ದರು. ಅವರು ಕೂಗಿದರೆ ಹತ್ತದವರಿಲ್ಲ. ನಮ್ಮ ಕೂಸಿಗೆ ಅವರು ಹಗಲಿಡೀ ತೂಗಿದರು. ಬೀದಿ ತೂಗಿತು, ಆಚೆ ಬೀದಿ ತೂಗಿತು. ಸರಪಳಿಗಳ ಕಿರುಗುಟ್ಟುವಿಕೆಯಲ್ಲಿ ಊರಿಗೆ ಊರೇ ಒಂದು ದೊಡ್ಡ ಗಾಣದ ಹಾಗೆ ಕೇಳಿಸುತ್ತಿತ್ತು. ಕೂಸು ಮತ್ತಷ್ಟು ಚೀರಿತು.

ನನಗೆ ಕೂಸಿನ ಮುಖಕ್ಕಿಂತ ಅದರ ಕಾಲುಗಳ ಮೇಲೇ ಕಣ್ಣು. ಮೊದಲು ಕಣ್ಣು ಮಂಜಾಯಿತೇ ಅಂದುಕೊಂಡೆ. ಆಮೇಲೆ ಪಕ್ಕದಲ್ಲಿ ಕೂತು ಸರಿಯಾಗಿ ನೋಡಿದೆ. ತೊಟ್ಟಿಲು ಊರಿನ ಜೊತೆ ತೂಗುತ್ತಿತ್ತು, ಕೂಸು ಒದೆಯುವ ಕಾಲು ಅದರ ಜೊತೆ ಹೋಗುತ್ತಿರಲಿಲ್ಲ. ಒಮ್ಮೆ ತೊಟ್ಟಿಲಿಗಿಂತ ಹಿಂದೆ, ಒಮ್ಮೆ ಅಡ್ಡಕ್ಕೆ, ಒಮ್ಮೆ ಎರಡೂ ಅಕಸ್ಮಾತ್ ಕೂಡಿ ಮತ್ತೆ ಬೇರೆ. ಇಡೀ ಊರಲ್ಲಿ ಊರಿನ ಜೊತೆಗಿಲ್ಲದ ಎರಡೇ ಎರಡು ವಸ್ತು ಅಂದರೆ ಆ ಪುಟ್ಟ ಪಾದಗಳು. ನನಗೆ ರೋಮಾಂಚನವಾಗಿ, “ಅತ್ತಿಗೆ, ಇಲ್ಲಿ ಬನ್ನಿ, ಇಲ್ಲಿ ನೋಡಿ!” ಅಂದೆ.

ಅತ್ತಿಗೆ ಬಂದು ನೋಡಲಿಲ್ಲ. “ನೀನೀಗ ನೋಡಿದ್ಯಾ?” ಅಂದರು. “ಹಾಲು ಕುಡಿಯುವಾಗ ನಂಗೆ ದಿನಾ ಗೊತ್ತಾಗುತ್ತೆ. ನಿಧಾನಕ್ಕೆ ಎಳೀತಾಳೆ, ನಿಧಾನಕ್ಕೆ ಬಿಡ್ತಾಳೆ. ಅವಳದೇ ಒಂದು ಹದ. ಅಲ್ಲಿ ನಮ್ಮಮ್ಮ ಅದೇ ಹದಕ್ಕೆ ತೂಗ್ತಿದ್ಲು. ಇವಳು ಮಲಗ್ತಿದ್ಲು ಕಣೇ ಅಂಬೂ, ಸತ್ಯವಾಗಿ ಮಲಗ್ತಿದ್ಲು.”

ಅವರ ದನಿ ಕೇಳಿ ಆಮೇಲಷ್ಟೇ ನಾನು ಅವರ ಮುಖ ನೋಡಿದ್ದು. ಕಣ್ಣಿನ ಸುತ್ತ ಕಾಡಿಗೆ ಬಳಿದ ಹಾಗೆ ಕಪ್ಪು. ಹಿಂದಿನ ದಿನ ಹಾಲು ಕಾಯಿಸುತ್ತ ನಿಂತಲ್ಲೇ ತೂಕಡಿಸಿ ಮುಂಗೈ ಸುಟ್ಟುಕೊಂಡಿದ್ದರು. ಅದಕ್ಕೆ ಹಚ್ಚಿದ ಬೆಣ್ಣೆ ಇನ್ನೂ ಹಾಗೇ ಇತ್ತು. ಅಣ್ಣ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ, ಅದೂ ಊರುತೂಗಿನಲ್ಲೇ. ಅತ್ತಿಗೆ ಅವನಿಗೆ ಕೇಳಲೆಂದೇ ಹೇಳಿದರು: “ಭಾನುವಾರ ಸಂಜೆ ಗಾಡಿ ಹೇಳಿದ್ದೀನಿ. ತವರಿಗೆ ಹೋಗ್ತೀನಿ. ಇವಳು ಇಲ್ಲಿ ಬದುಕಲ್ಲ.”

“ಯಾವಾಗ ವಾಪಸು?” ಎಂದ ಅಣ್ಣ.

“ಇವಳಿಗೆ ಇಲ್ಲಿ ನಿದ್ದೆ ಬರೋ ಹಾಗಿದ್ರೆ ಹೋಗೋದೇ ಯಾಕೆ?” ಅಂದರು ಅತ್ತಿಗೆ.

ಆಗ ನನ್ನ ಬಾಯಿಂದ ಮಾತು ಜಾರಿತು. ಅಜ್ಜಿಯ ಕಥೆಗಳಲ್ಲಿ ಯಾರೋ ಒಬ್ಬಳು ಎದ್ದುನಿಂತು ಏಳು ಸಮುದ್ರದಾಚೆಯ ಹೂವು ತರುತ್ತೇನೆ ಅನ್ನುತ್ತಾಳಲ್ಲ, ಹಾಗೆ. “ಭಾನುವಾರದೊಳಗೆ ನಾನು ಅವಳನ್ನ ಮಲಗಿಸಿ, ಮಲಗಿರೋ ಹಾಗೇ ನಿಮ್ಮ ಕೈಗೆ ಕೊಡ್ತೀನಿ. ಈ ಊರಲ್ಲೇ. ಅಲ್ಲೀತನಕ ಗಂಟು ಕಟ್ಟಬೇಡಿ.” ಅತ್ತಿಗೆ ನನ್ನನ್ನು ದಿಟ್ಟಿಸಿ ನೋಡಿ, “ಹೂಂ, ಮಾಡು” ಅಂದರು. ಅದರಲ್ಲಿ ನಂಬಿಕೆಯೂ ಇರಲಿಲ್ಲ, ಕುಹಕವೂ ಇರಲಿಲ್ಲ. ಅಷ್ಟು ದಣಿದಿದ್ದರು.

ಮೊದಲು ಓಡಿದ್ದು ರಾಚಪ್ಪ ಮಾವನ ಹತ್ತಿರ. ಊರಿನ ತೊಟ್ಟಿಲು, ಉಯ್ಯಾಲೆ ಎಲ್ಲ ಮಾಡಿದ ಬಡಗಿ ಅವರೇ. “ಮಾವ, ತೊಟ್ಟಿಲ ಹಗ್ಗ ಉದ್ದ ಮಾಡಿದ್ರೆ ನಿಧಾನವಾಗಿ ತೂಗುತ್ತಂತಲ್ಲ, ಬೇರೆ ಊರುಗಳಲ್ಲಿ?” ಎಂದು ಕೇಳಿದೆ.

“ಬೇರೆ ಊರಲ್ಲಿ ಮಾವಂದಿರ ಮಾತು ಕೇಳೋ ಸೊಸೇರೂ ಇರ್ತಾರಂತೆ,” ಅಂದರು ರಾಚಪ್ಪ ಮಾವ, ಹಲಗೆ ಉಜ್ಜುವುದನ್ನು ನಿಲ್ಲಿಸದೆ. ಆದರೂ ಬಂದರು. ಹಗ್ಗ ಉದ್ದ ಮಾಡಿ ತೊಟ್ಟಿಲು ನೆಲಕ್ಕೆ ತಾಗುವಷ್ಟು ಇಳಿಸಿದೆವು. ಚಣ ಹೊತ್ತು ಅದು ಅನುಮಾನಿಸಿತು, ಆಮೇಲೆ ಊರಿನ ಹಿಂದೆ ಓಡಿತು. ತೊಟ್ಟಿಲೊಳಗೆ ಕೂಸಿನ ಕಾಲ ಬುಡಕ್ಕೆ ರುಬ್ಬುಗುಂಡು ಇಟ್ಟೆವು. ರುಬ್ಬುಗುಂಡೂ ಊರುತೂಗಿನಲ್ಲಿ ತೂಗಿತು. ಜಂತಿಯಿಂದ ಬಿಚ್ಚಿ ಗೋಡೆಗೆ ಮೊಳೆ ಹೊಡೆದು ಕಟ್ಟಿದೆವು. ಮೊಳೆ ಕಿತ್ತುಬಂತು. ಅಜ್ಜಿ ಮೂಲೆಯಲ್ಲಿ ಕೂತು, “ಇನ್ನು ತೊಟ್ಟಿಲನ್ನ ನನ್ನ ಕುತ್ತಿಗೆಗೆ ಕಟ್ಟಿ ನೋಡಿ” ಎಂದಳು.

ಮಾರನೆಯ ದಿನ ಅತ್ತಿಗೆ, ನಾನು, ರಾಚಪ್ಪ ಮಾವ ಮೂವರೂ ಕೂಸನ್ನೆತ್ತಿಕೊಂಡು ಊರ ಹೊರಗಿನ ಸುಣ್ಣದ ಗೂಡಿನ ದಿಬ್ಬ ಹತ್ತಿದೆವು. ಮಾವ ಹೊಂಗೆಯ ಕೊಂಬೆಗೆ ಸೀರೆಯ ಜೋಲಿ ಕಟ್ಟಿಕೊಟ್ಟರು. ಕೂಸಿನ ಕಾಲು ನೋಡುತ್ತ ಅದೇ ಹದಕ್ಕೆ ನಾನು ಜೋಲಿ ತೂಗಿದೆ. ತೂಗಿತು! ನಿಧಾನಕ್ಕೆ ಆಚೆ ಹೋಯಿತು, ನಿಧಾನಕ್ಕೆ ಈಚೆ ಬಂತು. ಕೂಸಿನ ರೆಪ್ಪೆ ಭಾರವಾಯಿತು. ಅತ್ತಿಗೆ ನನ್ನ ರಟ್ಟೆ ಹಿಡಿದು ಗಟ್ಟಿಯಾಗಿ ಅಮುಕಿದರು. ಅಷ್ಟರಲ್ಲಿ ಜೋಲಿಗೆ ಏನೋ ನೆನಪಾದ ಹಾಗೆ ಒಂದು ಜಗ್ಗು. ಒಂದಿಷ್ಟು ಸುತ್ತು ಊರಿನ ಜೊತೆ ಹೋಗಿ, ಅಲ್ಲಿಂದ ಮತ್ತೆ ಜಾರಿ ನಮ್ಮ ಹದಕ್ಕೆ ಬಂತು. ಮತ್ತೆ ಜಗ್ಗು, ಮತ್ತೆ ಜಾರು. ಜಾರಿದಾಗ ಕೂಸಿನ ಕಣ್ಣು ಮುಚ್ಚುತ್ತಿತ್ತು, ಜಗ್ಗಿದಾಗ ತೆರೆಯುತ್ತಿತ್ತು. ಊರಿನ ಹಿಡಿತ ಅಲ್ಲಿಗೂ ಬರುತ್ತಿತ್ತು, ಆದರೆ ಸೋತು ಬರುತ್ತಿತ್ತು. ನಾನು ನನ್ನ ಜೀವದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಯಾವ ಕಡೆ ಹೋಗಲಿ ಎಂದು ಒಂದು ಜೋಲಿ ಯೋಚಿಸುವುದನ್ನು ನೋಡುತ್ತ ಮೈಮರೆತು ನಿಂತೆ.

ಕೆಳಗೆ ಊರಿನಿಂದ ಸರಪಳಿಗಳ ಸದ್ದು ಒಮ್ಮೆಲೇ ಜೋರಾಯಿತು. ಜೋಲಿ ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ಊರಿನ ಜೊತೆ ಓಡತೊಡಗಿತು. ಕೂಸು ಚೀರಿತು.

“ಸಾತಮ್ಮಂಗೆ ಸುದ್ದಿ ಮುಟ್ಟಿರಬೇಕು, ಕೂಸನ್ನ ದಿಬ್ಬಕ್ಕೆ ಒಯ್ದಿದ್ದಾರೆ ಅಂತ,” ಅಂದರು ರಾಚಪ್ಪ ಮಾವ, ಜೋಲಿ ಬಿಚ್ಚುತ್ತ. “ಊರಿಗೂರೇ ಎಬ್ಬಿಸಿ ಕೂರಿಸಿದಾಳೆ ಉಯ್ಯಾಲೆ ಮೇಲೆ. ದೊಡ್ಡ ಮನಸ್ಸು ಅವಳದು.” ಅತ್ತಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ದಿಬ್ಬ ಇಳಿದರು.

ದೂರ ಹೋದರೆ ಹಿಡಿತ ಸಡಿಲುತ್ತದೆ ಅನ್ನುವುದೇನೋ ಗೊತ್ತಾಯಿತು. ಆದರೆ ದೂರ ಹೋಗುವುದಕ್ಕೆ ಅತ್ತಿಗೆ ಆಗಲೇ ಗಾಡಿ ಹೇಳಿದ್ದಾರಲ್ಲ! ನನಗೆ ಬೇಕಿದ್ದದ್ದು ಇಲ್ಲೇ, ನಮ್ಮ ಜಂತಿಯ ಕೆಳಗೆ. ಶನಿವಾರ ಊಟವಾದ ಮೇಲೆ ತೊಟ್ಟಿಲ ಪಕ್ಕ ಕೂತು ಇದನ್ನೇ ಯೋಚಿಸುತ್ತಿದ್ದಾಗ ಬೀದಿಯಲ್ಲಿ ಬಳೆಗಾರನ ಕೂಗು ಕೇಳಿತು. ಅವನು ಸಾತಮ್ಮತ್ತೆಯ ಜಗಲಿಯ ಮೇಲೆ ಬಳೆಗಳ ಮಲಾರ ಬಿಚ್ಚಿದ್ದೇ ತಡ, ಬೀದಿಯ ಹೆಂಗಸರೆಲ್ಲ ಉಯ್ಯಾಲೆಯಿಂದ ಇಳಿದು ಓಡಿದರು. ಕಿಟಕಿಯಿಂದ ಕಾಣುತ್ತಿತ್ತು. ಎಲ್ಲರೂ ಸಾಲಾಗಿ ಕೂತು ಕೈ ಚಾಚಿದ್ದರು. ಬಳೆ ಏರಿಸುವಾಗ ಕೈ ಆಡಿಸಬಾರದು, ಗಾಜು ಒಡೆದೀತೆಂದು ಉಸಿರು ಬಿಗಿಹಿಡಿದು ಕೂರುತ್ತಾರೆ. ನನ್ನ ಪಕ್ಕದ ತೊಟ್ಟಿಲು ಮೆತ್ತಗಾಯಿತು. ನಾನು ಮುಟ್ಟಿರಲಿಲ್ಲ. ಅದರ ಬೀಸು ಸಣ್ಣದಾಗುತ್ತ, ಸಣ್ಣದಾಗುತ್ತ, ಕೂಸು ಒದ್ದಾಗ ಒದ್ದ ಕಡೆಗೆ ಒಂಚೂರು ಬಾಗಿತು. ಕೂಸು ಬಿಕ್ಕುವುದನ್ನು ನಿಲ್ಲಿಸಿತು. ದೊಡ್ಡದಾಗಿ, ಒಳಗಿನ ಗುಲಾಬಿ ಒಸಡೆಲ್ಲ ಕಾಣುವಂತೆ ಆಕಳಿಸಿತು. ಕೊನೆಯಲ್ಲಿ ಸಣ್ಣಗೆ ಕುಂಯ್ ಅಂದಿತು.

“ಅಯ್ಯೋ, ಕೂಸು!” ಎಂದು ಸಾತಮ್ಮತ್ತೆ ಅರ್ಧ ಏರಿದ ಬಳೆಯ ಕೈಯನ್ನೇ ಎಳೆದುಕೊಂಡು ಎದ್ದರು. “ಬಳೆ ಎಲ್ಲಿ ಓಡಿಹೋಗ್ತವೆ? ಏಳ್ರೇ, ಏಳಿ!” ದಡದಡ ಹೆಜ್ಜೆ, ಸರಪಳಿಗಳ ಕಿರುಗುಟ್ಟುವಿಕೆ, ತೊಟ್ಟಿಲಿಗೆ ಒಂದು ಜಗ್ಗು. ಕೂಸು ಕೆಂಪಾಗಿ ಚೀರಿತು.

ನಾನು ಎದ್ದು ಬೀದಿ ದಾಟಿದೆ. ಸಾತಮ್ಮತ್ತೆ ಪಡಸಾಲೆಯಲ್ಲಿ ಉಯ್ಯಾಲೆಯ ಮೇಲೆ ನಿಂತು ಮಂಡಿ ಬಗ್ಗಿಸಿ ಬಗ್ಗಿಸಿ ಜೀಕುತ್ತಿದ್ದರು. ಬಳೆಗಾರ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ.

“ಅತ್ತೆ, ಒಂದು ಮಾತು. ನೀವು ತೂಗೋದು ನಿಲ್ಲಿಸಬೇಕು.”

“ಏನಂದೆ?”

“ನೀವೆಲ್ಲ ತೂಗೋದ್ರಿಂದಲೇ ಅವಳಿಗೆ ನಿದ್ದೆ ಬರ್ತಿಲ್ಲ. ಈಗ ನೀವು ಬಳೆಗೆ ಕೂತಾಗ ಕಣ್ಣು ಮುಚ್ತಿದ್ಲು.”

ಉಯ್ಯಾಲೆ ನಿಂತಿತು. ಸಾತಮ್ಮತ್ತೆ ಇಳಿದು ಬಂದರು. “ನಿಮ್ಮಮ್ಮ ತೀರ್ಕೊಂಡ ವರ್ಷ ನೀನು ಅಳ್ತಿದ್ದೆಯಲ್ಲ, ಆಗ ತೂಗಿ ತೂಗಿ ಈ ಹಲಗೆ ಸವೆದದ್ದು. ನಮ್ಮನೆ ಅನ್ನ ದಿನಾ ಸೀದಿದ್ದು. ಈಗ ನನ್ನ ತೂಗು ನಿಮ್ಮನೆ ಕೂಸಿಗೆ ವಿಷವಾಯ್ತೇನೇ?” ಎಂದು ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿದರು. ಬಳೆಗಾರ ಮೆಲ್ಲಗೆ ಮಲಾರ ಹೆಗಲಿಗೇರಿಸಿಕೊಂಡ. ನನಗೂ ಓಡಬೇಕೆನಿಸಿತು.

“ವಿಷ ಅಂತ ಯಾರಂದ್ರು ಸಾತೂ?” ಹಿಂದಿನಿಂದ ಅಜ್ಜಿಯ ದನಿ. ಕೋಲೂರಿಕೊಂಡು ನನ್ನ ಹಿಂದೆಯೇ ಬಂದಿದ್ದಳು. “ಪಾಯಸ ಒಳ್ಳೇದೇ. ಕೊಡ ತುಂಬ ಕುಡಿಸಿದ್ರೆ?”

“ಹಾಗಾದ್ರೆ ಏನ್ಮಾಡ್ಬೇಕು ದೊಡ್ಡಮ್ಮ? ಊರುತೂಗು ನಿಲ್ಲಿಸ್ಬೇಕಾ? ನಿಂತದ್ದುಂಟಾ ಯಾವತ್ತಾದ್ರೂ? ನಿಂತ್ರೆ ಮತ್ತೆ ಹೊರಡುತ್ತೆ ಅಂತ ಯಾರು ಕಂಡೋರು?”

“ಯಾರೂ ಕಂಡಿಲ್ಲ,” ಅಂದಳು ಅಜ್ಜಿ. ಅವಳ ಕಣ್ಣು ಮಿನುಗುತ್ತಿತ್ತು. “ಅದಕ್ಕೇ ನಂಗೆ ನೋಡಬೇಕು. ನಿಂತ ಊರು ಹೆಂಗಿರುತ್ತೆ ಅಂತ ನಿಂಗೆ ನೋಡ್ಬೇಕು ಅನ್ಸಿಲ್ವಾ? ನಂಗೆ ವಯಸ್ಸಾಯ್ತು ಸಾತೂ, ಇನ್ನು ಯಾವಾಗ ನೋಡ್ಲಿ?”

ಸಾತಮ್ಮತ್ತೆ ಸರಸರನೆ ಬೀದಿ ದಾಟಿ ನಮ್ಮನೆಗೆ ನುಗ್ಗಿ, “ನನ್ನ ಕೈಯಲ್ಲಿ ಹೇಗೆ ಮಲಗಲ್ಲ ನೋಡ್ತೀನಿ, ಕೊಡಿಲ್ಲಿ” ಎಂದು ಅತ್ತಿಗೆಯ ತೋಳಿನಿಂದ ಕೂಸನ್ನು ಎತ್ತಿಕೊಂಡು ಗೋಡೆಗೊರಗಿ ಕೂತರು. ಮಂಡಿಯ ಮೇಲೆ ಹಾಕಿಕೊಂಡು ಆಡಿಸತೊಡಗಿದರು. ಕೂಸು ಅತ್ತು ಕೊಸರಾಡಿತು. ಒದೆಯುತ್ತಿದ್ದ ಎರಡು ಪಾದವನ್ನೂ ಅವರು ಅಂಗೈಯಲ್ಲಿ ಹಿಡಿದುಕೊಂಡರು. ಮಂಡಿ ಆಡುತ್ತಿತ್ತು, ಕೈಯಲ್ಲಿ ಪಾದ ಬೇರೆ ಹದದಲ್ಲಿ ಒದೆಯುತ್ತಿತ್ತು. ನಾನು ನೋಡುತ್ತಿದ್ದಂತೆ ಅವರ ಮಂಡಿ ತಡವರಿಸಿತು.

“ಇದೇನೇ ಇದು,” ಅಂದರು ಸಾತಮ್ಮತ್ತೆ, ತಮ್ಮ ಮಂಡಿಯನ್ನೇ ನೋಡುತ್ತ. “ನನ್ನ ಕಾಲು ಯಾರ ಮಾತೂ ಕೇಳ್ತಿಲ್ಲ.”

“ಅವಳ ಮಾತು ಕೇಳ್ತಿದೆ ಅತ್ತೆ,” ಅಂದರು ವಾರಿಜ ಅತ್ತಿಗೆ. ಆ ದಿನ ಅವರಾಡಿದ ಮೊದಲ ಮಾತದು.

ಸಾತಮ್ಮತ್ತೆ ಪಾದಗಳನ್ನು ಬಿಡಲಿಲ್ಲ. ಕಣ್ಣು ಮುಚ್ಚಿ, ಕಿವಿಯಿಂದ ಕೇಳುವವರ ಹಾಗೆ ತಲೆ ವಾರೆ ಮಾಡಿ, ಬಹಳ ಹೊತ್ತು ಆ ಒದೆತವನ್ನು ಅಂಗೈಯಲ್ಲೇ ಕೇಳಿದರು. ಹುಟ್ಟಿದಾಗಿನಿಂದ ಒಂದೇ ಹದ ಬಲ್ಲ ಕೈ ಅದು. “ಎಷ್ಟು ನಿಧಾನ!” ಎಂದರು ಕೊನೆಗೆ. “ಎಷ್ಟು ನಿಧಾನ ಇವಳು, ಮುಂಡೇದು! ನಾವೆಲ್ಲ ಸೇರ್ಕೊಂಡು ಇವಳನ್ನ ಓಡಿಸ್ತಿದ್ವಾ?” ಕೂಸನ್ನು ಅತ್ತಿಗೆಯ ಮಡಿಲಿಗೆ ಹಾಕಿ ಸೆರಗು ಬಿಗಿದು ಎದ್ದರು. ಕೈಕಟ್ಟಿರಲಿಲ್ಲ. “ನಾಳೆ ಊಟ ಆದ್ಮೇಲೆ. ನಾನು ಹೇಳ್ತೀನಿ ಊರಿಗೆ. ಯಾವನಾದ್ರೂ ಕಾಲಾಡಿಸ್ಲಿ, ಮುರೀತೀನಿ.”

ಭಾನುವಾರ ಮಧ್ಯಾಹ್ನ ಊರುತೂಗನ್ನು ನಿಲ್ಲಿಸುವ ಕೆಲಸ ಶುರುವಾಯಿತು. ಶುರು ಮಾಡಿದ ಮೇಲಷ್ಟೇ ಅದೆಂಥ ಕಷ್ಟವೆಂದು ತಿಳಿದದ್ದು. ಒಂದು ಉಯ್ಯಾಲೆ ಹಿಡಿದು ನಿಲ್ಲಿಸಿ ಕೈಬಿಟ್ಟರೆ ಪಕ್ಕದ ಮನೆಯದು ಅದನ್ನು ಮತ್ತೆ ಎಬ್ಬಿಸುತ್ತಿತ್ತು. ಹಾಗಾಗಿ ಪ್ರತಿ ಉಯ್ಯಾಲೆಯನ್ನೂ ಒಬ್ಬರು ತಬ್ಬಿ ಹಿಡಿಯಬೇಕಾಯಿತು. ಕೊಡಗಳನ್ನು ಬಾವಿಯಿಂದ ಇಳಿಸಿದರು. ಒಗೆದು ಹಾಕಿದ ಬಟ್ಟೆ ಎತ್ತಿದರು. ಹೋಟೆಲಿನವನು ಎಲ್ಲರಿಗೂ ತಣ್ಣಗಿನ ಮಜ್ಜಿಗೆ ಕೊಟ್ಟು, ಆರಿಸುವಂಥದ್ದೇನೂ ಇಲ್ಲ ಇವತ್ತು ಅಂದ. ಜಗಲಿಯ ಗಂಡಸರು ಚಕ್ಕಳಮಕ್ಕಳ ಹಾಕಿ ಕೂತರು. ರಾಚಪ್ಪ ಮಾವ ಗರಗಸವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು, ತಮ್ಮ ಕೈಯ ಮೇಲೆ ತಮಗೇ ನಂಬಿಕೆಯಿಲ್ಲವೆಂದು. ಅತ್ತಿಗೆಯನ್ನು ಕರೆದೊಯ್ಯಲು ಹೇಳಿದ ಹೊತ್ತಿಗೆ ಮುಂಚೆಯೇ ಬಂದ ಗಾಡಿಯವನು ಪಾಪ, ಒಂದು ಕೈಯಲ್ಲಿ ಎತ್ತಿನ ಕೊರಳಗಂಟೆಯನ್ನೂ ಇನ್ನೊಂದರಲ್ಲಿ ಬಾಲವನ್ನೂ ಹಿಡಿದುಕೊಂಡು, “ಇದ್ಯಾವ ಊರಪ್ಪ ದೇವ್ರೇ” ಎಂದು ನಮ್ಮ ಬಾಗಿಲಲ್ಲಿ ನಿಂತಿದ್ದ. ಸಾತಮ್ಮತ್ತೆ ಬೀದಿಬೀದಿ ಸುತ್ತಿ, ಕೈಬೀಸದೆ ನಡೆಯಲು ಬಾರದೆ ಸೆರಗಿನಲ್ಲಿ ಕೈ ಸುತ್ತಿಕೊಂಡು, ಪಿಸುಮಾತಿನಲ್ಲೇ ಗದರುತ್ತಿದ್ದರು: “ಏಯ್, ನಿನ್ನ ಲೋಲಾಕು!”

ಕೊನೆಗೆ ಊರು ನಿಂತಿತು.

ಅದನ್ನು ಹೇಗೆ ಹೇಳಲಿ? ಏನೂ ಕುಸಿಯಲಿಲ್ಲ, ಸೂರ್ಯ ಅಲ್ಲೇ ಇದ್ದ. ಆದರೆ ಯಾವಾಗಲೂ ಇದ್ದ ಒಂದು ಸದ್ದು ಹೋದಾಗ ಅದರಡಿಯಲ್ಲಿದ್ದದ್ದೆಲ್ಲ ಮೇಲೆದ್ದು ಬಂತು. ಗೋಡೆಯೊಳಗೆ ಗೆದ್ದಲು ಮೆಲ್ಲುವುದು, ಒಲೆಯಲ್ಲಿ ಬೂದಿ ಜಾರುವುದು, ಆಚೆ ಬೀದಿಯಲ್ಲಿ ಯಾರೋ ಉಗುಳು ನುಂಗಿದ್ದು. ಅಜ್ಜಿ ಉಯ್ಯಾಲೆಯ ಹಲಗೆಯನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತು, ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದು ಎಲ್ಲ ಕಡೆ ನೋಡುತ್ತಿದ್ದಳು. ಅತ್ತಿಗೆ ಗೋಡೆಗೊರಗಿ ಕೂತವರು ಸದ್ದಡಗಿದ ಆ ಹೊತ್ತಿಗೇ ಕುತ್ತಿಗೆ ವಾಲಿಸಿ ನಿದ್ದೆಹೋಗಿದ್ದರು. ಕೂಸು ಮಾತ್ರ ಅಳುತ್ತಿತ್ತು, ಮತ್ತು ಕಾಲು ಒದೆಯುತ್ತಿತ್ತು.

ನಾನು ಒಂದು ಬೆರಳನ್ನು ತೊಟ್ಟಿಲ ಅಂಚಿಗಿಟ್ಟೆ. ಕಾಲು ಹೋದಾಗ ತಳ್ಳಿದೆ, ಕಾಲು ಬಂದಾಗ ಬಿಟ್ಟೆ. ತೊಟ್ಟಿಲು ನನ್ನನ್ನು ಎಳೆಯಲಿಲ್ಲ, ಜಗ್ಗಲಿಲ್ಲ. ಕೂಸು ಅಳುವಿನ ನಡುವೆ ಒಮ್ಮೆ ನಿಂತು ಕೇಳಿಸಿಕೊಂಡಿತು. ಆಚೆ, ಈಚೆ. ಕಾಲು ಮತ್ತು ತೊಟ್ಟಿಲು ಕೂಡಿದವು. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು, ಮುಷ್ಟಿ ಬಿಚ್ಚಿ ಬೆರಳುಗಳು ಒಂದೊಂದಾಗಿ ಸಡಿಲಿದವು. ರೆಪ್ಪೆ ಮುಚ್ಚಿತು. ನಾನು ಬೆರಳು ತೆಗೆದೆ. ತೊಟ್ಟಿಲು ತಾನೇ ತೂಗುತ್ತಿತ್ತು.

ಕಷ್ಟದ ಪಾಲು ಇನ್ನೂ ಮುಂದಿತ್ತು. ಇಡೀ ಊರು ಎಷ್ಟು ಹೊತ್ತು ಉಯ್ಯಾಲೆ ತಬ್ಬಿಕೊಂಡು ಕೂತೀತು? ಒಮ್ಮೆಲೇ ಬಿಟ್ಟರೆ ಹಳೆಯ ಬಿರುಸು ಬಂದು ಕೂಸನ್ನು ಕಿತ್ತುಕೊಳ್ಳುತ್ತದೆ. ನಾನು ಅಜ್ಜಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅಜ್ಜಿ ಮೆಲ್ಲಗೆ ಹಲಗೆಯನ್ನು ಬಿಟ್ಟಳು. ಆ ಉಯ್ಯಾಲೆ ಕೊಂಚ ಅತ್ತಿತ್ತ ಹುಡುಕಾಡಿ ತೊಟ್ಟಿಲ ಜೊತೆ ಹೊರಟಿತು, ಅದರ ಹದದಲ್ಲೇ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಣ್ಣ ಬಾಗಿಲಿಗೆ ಹೋಗಿ ಪಕ್ಕದ ಮನೆಗೆ ಸನ್ನೆ ಮಾಡಿದ. ಅವರದು ಸೇರಿತು. ಒಂದು ನೆಲೆಯಾಗುವವರೆಗೆ ಕಾದು, ಇನ್ನೊಂದು ಮನೆ. ಕಾದು, ಮತ್ತೊಂದು. ಪ್ರತಿ ಉಯ್ಯಾಲೆ ಸೇರಿದಾಗಲೂ ತೊಟ್ಟಿಲು ಒಂದೆಳೆ ಚುರುಕಾಗುತ್ತಿತ್ತು. ಬಂದವರು ತಮ್ಮ ಪಾಲನ್ನೂ ತರುತ್ತಾರಲ್ಲ. ನಾನು ಉಸಿರು ಬಿಗಿಹಿಡಿದು ಕೂಸಿನ ಪಾದ ನೋಡುತ್ತಿದ್ದೆ. ನಿದ್ದೆಯಲ್ಲೇ ಅದರ ಹೆಬ್ಬೆರಳು ಅಲುಗುತ್ತಿತ್ತು, ಅದೂ ಒಂದೆಳೆ ಚುರುಕಾಗುತ್ತಿತ್ತು. ಊರು ಅವಳಿಗಾಗಿ ತಡೆದು ನಡೆಯುತ್ತಿತ್ತು, ಅವಳು ಊರಿಗಾಗಿ ಚೂರು ಬೇಗ ಹೆಜ್ಜೆಯಿಡುತ್ತಿದ್ದಳು.

ಎಲ್ಲರ ಕೊನೆಗೆ ಸಾತಮ್ಮತ್ತೆಯ ಉಯ್ಯಾಲೆ. ಬೇಕೆಂದೇ ಕೊನೆಗಿಟ್ಟುಕೊಂಡಿದ್ದರು. ಊರಲ್ಲೇ ಜೋರಿನ ಉಯ್ಯಾಲೆಯದು. ಅವರು ಕೈಬಿಟ್ಟಾಗ ತೊಟ್ಟಿಲು ನಡುಗಿತು. ಕೂಸು ಹುಬ್ಬು ಗಂಟಿಕ್ಕಿತು, ತುಟಿ ಡೊಂಕಾಯಿತು. ಬೀದಿಯಾಚೆ ಸಾತಮ್ಮತ್ತೆ ಎರಡು ಪಾದವನ್ನೂ ನೆಲಕ್ಕೆ ಒತ್ತಿ, ಉಜ್ಜುತ್ತ ಉಜ್ಜುತ್ತ ತಮ್ಮ ಉಯ್ಯಾಲೆಯನ್ನು ಹಿಂದೆ ಹಿಡಿಯುತ್ತಿದ್ದರು, ಮುಖವೆಲ್ಲ ಬೆವರು. ತೊಟ್ಟಿಲು ಹಳೆಯದಕ್ಕಿಂತ ನಿಧಾನವಾದ, ಕೂಸಿನದಕ್ಕಿಂತ ಚುರುಕಾದ, ಊರು ಅಲ್ಲಿಯವರೆಗೆ ಕೇಳದ ಒಂದು ಹದಕ್ಕೆ ಬಂದು ನಿಂತಿತು. ಕೂಸಿನ ಹುಬ್ಬು ಸಡಿಲಿತು. ತುಟಿಯ ಮೂಲೆಯಿಂದ ಜೊಲ್ಲಿನ ಒಂದು ಗುಳ್ಳೆ ಎದ್ದು ಒಡೆಯಿತು. ಮಲಗಿಯೇ ಇದ್ದಳು.

ಆಗ ಅತ್ತಿಗೆ ದಡಬಡಿಸಿ ಎಚ್ಚರಾದರು. ಅಳು ಕೇಳಿಸದಿದ್ದುದೇ ಅವರನ್ನು ಎಬ್ಬಿಸಿತ್ತು. “ಏನಾಯ್ತು ಕೂಸಿಗೆ? ಅಂಬೂ, ಏನಾಯ್ತು?” ಎಂದು ಮಂಡಿಯ ಮೇಲೆ ತೆವಳಿಕೊಂಡೇ ಬಂದು ತೊಟ್ಟಿಲೊಳಗೆ ಬಾಗಿ, ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದರು. ಬಹಳ ಹೊತ್ತು ಹಿಡಿದರು. ಬಾಗಿಲಲ್ಲಿ ಗಾಡಿಯವನು, “ಹೊರಡೋದಾ ಅಮ್ಮ?” ಅಂದ.

ನಾನು ತೊಟ್ಟಿಲಿಗೆ ಎರಡೂ ಕೈ ಹಾಕಿ, ಕತ್ತಿನಡಿ ಅಂಗೈ ಕೊಟ್ಟು ಕೂಸನ್ನು ಎತ್ತಿದೆ. ಎಚ್ಚರಾಗಲಿಲ್ಲ. ಅತ್ತಿಗೆ ಕೈ ಚಾಚಿದರು. ಮಲಗಿದ್ದ ಹಾಗೇ ಅವರ ಕೈಗೆ ಕೊಟ್ಟೆ.